ಪಾಳಿ ಹಚ್ಚಿದ ಸಾಲಿ

ಜಪಾನ್ ಸರಕಾರ ಬೇರೆ ದೇಶಗಳ ಶಾಲಾ ಶಿಕ್ಷಕರಿಗೆ ಒಂದು ವಿದ್ಯಾರ್ಥಿವೇತನ ಕೊಡುತ್ತದೆ. ಐದು ವರ್ಷ ಪಾಠ ಮಾಡಿದ ಅನುಭವ ಇರಬೇಕು, ವಯಸ್ಸು 35ಕ್ಕಿಂತ ಕಡಿಮೆ ಇರಬೇಕು. ಒಟ್ಟು ಒಂದೂವರೆ ವರ್ಷದ ಅವಧಿ. ಮೊದಲ ಆರು ತಿಂಗಳು ಜಪಾನಿ ಭಾಷೆ ಕಲಿಯಬೇಕು, ಉಳಿದ ಒಂದು ವರ್ಷ ಅಲ್ಲಿಯ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗದಲ್ಲಿ ಅಭ್ಯಾಸ ಮಾಡಬೇಕು. ರೋಣ ತಾಲೂಕಿನ ಸವಡಿಯಲ್ಲಿ ಕನ್ನಡ ಸಾಲಿ ಕಲಿತು, ಮುಂದೆ ಇಂಗ್ಲಿಷ್ ಶಿಕ್ಷಕಿಯಾದ ನಾನು ಜಪಾನಿಗೆ ಹೋದದ್ದು ಈ ದಾರಿಯಿಂದ. ಇಂಗ್ಲಿಷ್ ಕಲಿಸುವುದಕ್ಕೆಂದೇ ಹೊರದೇಶದವರನ್ನು ಕರೆಸುವ ಜೆಟ್ ಎಂಬ ಬೇರೆ ಕಾರ್ಯಕ್ರಮ ಅಲ್ಲಿ 1987ರಿಂದ ಇದೆ. ಅದರಲ್ಲಿ ಬಹುಪಾಲು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ ತರುಣರು. ನಾನು ಆ ಗುಂಪಿನವಳಲ್ಲ. ಆದರೆ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡೇ ಒಂದು ಶಾಲೆ ಇರುತ್ತದೆ. ಅಲ್ಲಿ ತರಗತಿಯ ಹಿಂದೆ ಕೂತು ಪಾಠ ನೋಡುವುದು, ಆಗಾಗ ಮುಂದೆ ನಿಂತು ಪಾಠ ಮಾಡುವುದು ನನ್ನ ಅಭ್ಯಾಸದ ಭಾಗವಾಗಿತ್ತು.

ಊರಿಗೆ ಬಂದಾಗ ಕಟ್ಟೆಯ ಮೇಲೆ ಕುಂತಿದ್ದ ಹಿರಿಯರೊಬ್ಬರು ಕೇಳಿದರು: “ಏನವಾ ತಂಗಿ, ಅವ್ರು ಅಷ್ಟು ಮುಂದ ಹೋಗ್ಯಾರಲ್ಲ, ಇಂಗ್ಲಿಷ್ ಫಡಫಡ ಮಾತಾಡ್ತಾರೇನು?” “ಇಲ್ರಿ ಕಾಕಾ, ಅಲ್ಲೂ ನಮ್ಮ ಹುಡುಗ್ರ ಗೋಳ ಐತ್ರಿ” ಅಂದೆ. ಕಾಕಾ ನಂಬಲಿಲ್ಲ. ಇಂಗ್ಲಿಷ್ ಇಲ್ಲದೆ ಮುಂದೆ ಹೋಗಲಿಕ್ಕಾಗದು ಎಂದು ನಂಬಿ, ದಿನಾ ಬೆಳಿಗ್ಗೆ ಮೊಮ್ಮಕ್ಕಳನ್ನು ಹಳದಿ ಬಸ್ಸಿಗೆ ಹತ್ತಿಸಿ ದೂರದ ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವ ಹಿರಿಯರು ಅವರು. ಟೊಯೊಟಾ, ಹೋಂಡಾ ಕಟ್ಟಿದ ದೇಶದಲ್ಲಿ ಶಾಲೆ ಮುಗಿಸಿದ ಹುಡುಗ ನಾಲ್ಕು ಸಾಲು ಇಂಗ್ಲಿಷ್ ಆಡಲು ಬೆವರುತ್ತಾನೆಂದರೆ ಹೇಗೆ ನಂಬಬೇಕು? ಗಣಿತ, ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಎಲ್ಲವನ್ನೂ ಅವರು ತಮ್ಮ ಭಾಷೆಯಲ್ಲೇ ಓದುತ್ತಾರೆ. ಇಂಗ್ಲಿಷ್ ಅಲ್ಲಿ ಒಂದು ವಿಷಯ, ಅಷ್ಟೇ.

ಆ ವಿಷಯವನ್ನು ಅವರು ಕಡೆಗಣಿಸಿಲ್ಲ ಎನ್ನಿ. 2011ರಿಂದ ಐದು, ಆರನೆಯ ತರಗತಿಗಳಿಗೆ ಆಟ-ಹಾಡಿನ ಇಂಗ್ಲಿಷ್ ಬಂತು. 2020ರಿಂದ ಅದು ಅಂಕ ಕೊಡುವ ವಿಷಯವಾಯಿತು, ಆಟ-ಹಾಡು ಮೂರು, ನಾಲ್ಕನೆಯ ತರಗತಿಗೆ ಇಳಿಯಿತು. ನಮ್ಮ ಕರ್ನಾಟಕದ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅಂದರೆ ಈ ಲೆಕ್ಕದಲ್ಲಿ ಸವಡಿಯೇ ಮುಂದಿದೆ. ಜಪಾನಿನ ಮಾಧ್ಯಮಿಕ ಶಾಲೆಯಲ್ಲಿ, ಅಂದರೆ ನಮ್ಮ ಏಳರಿಂದ ಒಂಬತ್ತನೆಯ ತರಗತಿಯಲ್ಲಿ, ವಾರಕ್ಕೆ ನಾಲ್ಕು ಪಿರಿಯಡ್, ಐವತ್ತು ಐವತ್ತು ನಿಮಿಷ. ಆ ಮೂರು ವರ್ಷಗಳಲ್ಲಿ 1,600ರಿಂದ 1,800 ಹೊಸ ಪದಗಳನ್ನು ಕಲಿಸಬೇಕೆಂದು ಪಠ್ಯಕ್ರಮದಲ್ಲೇ ಬರೆದಿದೆ. ಇಂಗ್ಲಿಷನ್ನು ಆದಷ್ಟೂ ಇಂಗ್ಲಿಷಿನಲ್ಲೇ ಕಲಿಸಬೇಕೆಂದೂ ಇದೆ. ಆದರೆ ಮೇಲಿನ ಶಾಲೆಗೆ ಸೇರುವ ಪ್ರವೇಶ ಪರೀಕ್ಷೆ ಎದುರಿಗೆ ನಿಂತ ಕೂಡಲೇ ಮಾತು ಹಿಂದೆ ಸರಿಯುತ್ತದೆ, ವ್ಯಾಕರಣ ಮುಂದೆ ಬರುತ್ತದೆ. ಎಸ್‌ಎಸ್‌ಎಲ್‌ಸಿ ತರಗತಿಗೆ ಪಾಠ ಮಾಡುವವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉಚ್ಚಾರದ ಮಾತಿಗೆ ಬಂದರೆ ನನಗೆ ಊರೇ ನೆನಪಾಗುತ್ತಿತ್ತು. ಜಪಾನಿ ಮಾತಿನಲ್ಲಿ ಶಬ್ದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಹಾಗೆಯೇ. ನಾವು ಬಸ್ಸು ಅಂದರೆ ಅವರು ಬಸು. ನಾವು ಬೆಂಚು ಅಂದರೆ ಅವರು ಬೆಂಚಿ. ಹಾಲು ಅವರ ಇಂಗ್ಲಿಷಿನಲ್ಲಿ ಮಿರುಕು. ಲ ಮತ್ತು ರ ಅವರ ಕಿವಿಗೆ ಒಂದೇ, ಆ ತೊಂದರೆ ನಮ್ಮ ಮಕ್ಕಳಿಗಿಲ್ಲ. ನಮ್ಮ ಮಕ್ಕಳು ಫೋನನ್ನು ಪೋನು ಮಾಡುತ್ತಾರೆ, ಅದು ಬೇರೆ ಮಾತು.

ಆದರೆ ತರಗತಿಯ ಸದ್ದು ಮಾತ್ರ ಪೂರ್ತಿ ಬೇರೆ. ಪಾಠ ಶುರುವಾಗುವಾಗ ಒಬ್ಬ ವಿದ್ಯಾರ್ಥಿ ಎದ್ದು ಕೂಗುತ್ತಾನೆ, ಎಲ್ಲರೂ ಎದ್ದು ಬಾಗಿ ವಂದಿಸಿ ಕೂಡುತ್ತಾರೆ. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದರೆ ಮೂವತ್ತೈದು ಮುಖಗಳು ಪುಸ್ತಕ ನೋಡುತ್ತವೆ. ಯಾರೂ ಕೈ ಎತ್ತುವುದಿಲ್ಲ. ಹೆಸರು ಹಿಡಿದು ಕೇಳಿದರೆ ಆ ಹುಡುಗಿ ಮೊದಲು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿ, ಸರಿ ಇದೆ ಎಂದು ಖಾತ್ರಿ ಮಾಡಿಕೊಂಡು, ನೆಲ ನೋಡುತ್ತ ಉತ್ತರಿಸುತ್ತಾಳೆ. ಉತ್ತರ ಹೆಚ್ಚಾಗಿ ಸರಿಯೇ ಇರುತ್ತದೆ. ನಮ್ಮಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಇಡೀ ತರಗತಿ ಒಂದೇ ದನಿಯಲ್ಲಿ “ಯೆಸ್ಸ್ ಟೀಚರ್” ಅನ್ನುತ್ತದೆ. ಆ ದನಿಯೊಳಗೆ ಎಷ್ಟು ಜನರಿಗೆ ತಿಳಿದಿದೆ, ಎಷ್ಟು ಜನ ಸುಮ್ಮನೆ ಬಾಯಿ ಆಡಿಸುತ್ತಿದ್ದಾರೆ ಎಂಬುದು ದೇವರಿಗೇ ಗೊತ್ತು. ತಪ್ಪಿನ ಅಂಜಿಕೆ ಎರಡೂ ಕಡೆ ಒಂದೇ. ಅಲ್ಲಿಯ ಮಗು ಮೌನದಲ್ಲಿ ಅಡಗಿಕೊಳ್ಳುತ್ತದೆ, ಇಲ್ಲಿಯದು ಗದ್ದಲದಲ್ಲಿ.

ಈ ಅಂಜಿಕೆ ಬಿಡಿಸುವ ಉಪಾಯ ಹೇಳಿಕೊಡುತ್ತ ಅಲ್ಲಿಯ ಪ್ರಾಧ್ಯಾಪಕರೊಬ್ಬರು ಹಲಗೆಯ ಮೇಲೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದು ಬರೆದರು. ನನ್ನ ಬಿ.ಇಡಿ.ಯಲ್ಲಿ ಯಾರೂ ಅದರ ಹೆಸರು ಎತ್ತಿರಲಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣ ಪಾಠ ಮಾಡುವುದನ್ನು ಬಿಟ್ಟು ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಕೊಡುವುದು; ಇಲ್ಲಿಂದ ಅಲ್ಲಿಗೆ ಯಾವ ಗಾಡಿ, ಎಷ್ಟು ಹೊತ್ತು, ಎಲ್ಲಿ ಇಳಿಯಬೇಕು ಎಂದು ಲೆಕ್ಕ ಹಾಕಿಸುವುದು. ತಲೆ ಲೆಕ್ಕದ ಕಡೆ ಇರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. 1987ರಲ್ಲಿ ಅದರ ಬಗ್ಗೆ ಅವರು ಬರೆದ ಪುಸ್ತಕವನ್ನು ಇಂಗ್ಲಿಷ್ ಕಲಿಸುವವರು ಜಗತ್ತಿನ ಎಲ್ಲ ಕಡೆ ಓದುತ್ತಾರೆ. ಬೆಂಗಳೂರಿನ ಸರಕನ್ನು ಜಪಾನಿನಲ್ಲಿ ಕೊಂಡ ಹಾಗಾಯಿತು ನನ್ನ ಕಥೆ.

ನಾನೂ ಜಪಾನಿನ ತರಗತಿಯಲ್ಲಿ ಅದನ್ನೇ ಮಾಡಿ ನೋಡಿದೆ. ಸವಡಿಯ ನಕಾಶೆಯನ್ನು ಹಲಗೆಯ ಮೇಲೆ ಬಿಡಿಸಿದೆ: ಬಸ್ ನಿಲ್ದಾಣ, ಸಾಲಿ, ಗುಡಿ, ಅಂಗಡಿ, ಹೊಲದ ದಾರಿ. ಒಬ್ಬ ಹುಡುಗ ಬಹಳ ಹೊತ್ತು ನೋಡಿ, ಯಾರನ್ನೂ ಕೇಳದೆ, ತಾನಾಗಿ ಎದ್ದು ನಿಂತು ರೈಲು ನಿಲ್ದಾಣ ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮೂರಿಗೆ ರೈಲಿಲ್ಲ, ರೈಲು ಹಿಡಿಯಬೇಕೆಂದರೆ ಹೊಳೆಆಲೂರು ಕಡೆ ಹೋಗಬೇಕು ಎಂದೆ. ರೈಲಿಲ್ಲದ ಊರಿನಲ್ಲಿ ಜನ ಹೇಗೆ ಇರುತ್ತಾರೆಂದು ತಿಳಿದುಕೊಳ್ಳುವ ಆಸೆಗೆ ಆ ತರಗತಿ ಅವತ್ತು ಮೌನ ಮುರಿಯಿತು. ಎತ್ತಿನ ಬಂಡಿ ಈಗಲೂ ಇದೆಯೆ? ಇದೆ. ಭತ್ತ ಬೆಳೆಯುತ್ತೀರಾ? ಇಲ್ಲ, ನಮ್ಮದು ಎರಿ ಭೂಮಿ, ಜೋಳ, ಕಡಲೆ, ಹೆಸರು, ಹತ್ತಿ. ರೊಟ್ಟಿ ಬಡಿಯುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ.

ಗಣಿತದ ಬಗ್ಗೆ ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇನೆ. ಅವರ ಮಗ್ಗಿ ಒಂಬತ್ತೊಂಬತ್ಲಿ ಎಂಬತ್ತೊಂದಕ್ಕೆ ನಿಲ್ಲುತ್ತದೆ. ನಮ್ಮ ಮಕ್ಕಳು ಇಪ್ಪತ್ತರವರೆಗೆ ಒಪ್ಪಿಸುತ್ತಾರೆ, ನಮ್ಮ ಹಳಬರು ಪಾವಕಿ, ನಿಮಕಿ ಎಂಬ ಕಾಲು, ಅರ್ಧದ ಮಗ್ಗಿಗಳನ್ನು ಬೇರೆ ಕಲಿತವರು. ಸುಮಾರು 2007ರ ಹೊತ್ತಿಗೆ ಇದೇ ಕಾರಣಕ್ಕೆ ಜಪಾನಿನಲ್ಲಿ ಭಾರತೀಯ ಲೆಕ್ಕದ ಹುಚ್ಚು ಹತ್ತಿತ್ತು. ಎರಡಂಕಿಯ ಮಗ್ಗಿಯ ಪುಸ್ತಕಗಳು ಅಂಗಡಿಗಳಲ್ಲಿ ರಾಶಿ ಬಿದ್ದವು. ಟೋಕಿಯೋದಲ್ಲಿ 2004ರಲ್ಲಿ ಶುರುವಾದ ಭಾರತೀಯ ಶಾಲೆಗೆ ಜಪಾನಿ ತಾಯ್ತಂದೆಯರೂ ಮಕ್ಕಳನ್ನು ಸೇರಿಸಿದರು. ಲೆಕ್ಕ, ಇಂಗ್ಲಿಷ್ ಎರಡೂ ಅಲ್ಲಿ ಗಟ್ಟಿ ಎಂಬುದು ಅವರ ನಂಬಿಕೆ. ನಮ್ಮ ಕಾಕಾ ಇದನ್ನು ಕೇಳಿ ಮಾತ್ರ ಬಹಳ ನಕ್ಕರು.

ಹಾಗಾದರೆ ಅಲ್ಲಿಂದ ತರುವಂಥದ್ದು ಏನೂ ಇಲ್ಲವೆ? ಇದೆ. ಅದು ಇಂಗ್ಲಿಷ್ ಪಿರಿಯಡ್ಡಿನಲ್ಲಿಲ್ಲ. ಗಂಟೆ ಬಾರಿಸಿದ ಮೇಲೆ ಶುರುವಾಗುತ್ತದೆ.

ಮಧ್ಯಾಹ್ನದ ಊಟದ ಗಂಟೆಗೆ ಆರೇಳು ಮಕ್ಕಳು ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಮುಖಕ್ಕೆ ಮಾಸ್ಕು ಹಾಕಿಕೊಂಡು ಅಡುಗೆ ಮನೆಯಿಂದ ಅನ್ನ, ಸಾರು, ಪಲ್ಯದ ಪಾತ್ರೆಗಳನ್ನು ಎತ್ತಿಕೊಂಡು ತರಗತಿಗೆ ಬರುತ್ತಾರೆ. ಉಳಿದವರು ಮೇಜು ಜೋಡಿಸುತ್ತಾರೆ. ಅವರೇ ಬಡಿಸುತ್ತಾರೆ. ಟೀಚರ್‌ಗೂ ಅದೇ ಊಟ, ಅದೇ ತಾಟು, ಮಕ್ಕಳ ನಡುವೆಯೇ ಕುರ್ಚಿ. ಎಲ್ಲರ ಮುಂದೂ ಊಟ ಬಂದ ಮೇಲೆ ಕೈ ಜೋಡಿಸಿ ಒಂದು ಮಾತು ಹೇಳಿ ಉಣ್ಣಲು ಶುರು. ಮುಂದಿನ ವಾರ ಬಿಳಿ ಅಂಗಿ ಬೇರೆ ಆರೇಳು ಮಕ್ಕಳ ಮೈಮೇಲೆ ಇರುತ್ತದೆ. ಬಳಸಿದ ಅಂಗಿಯನ್ನು ಶನಿವಾರ-ರವಿವಾರ ಮನೆಗೆ ಒಯ್ದು ಒಗೆದು, ಇಸ್ತ್ರಿ ಮಾಡಿ, ಮುಂದಿನ ಪಾಳಿಯವರಿಗೆ ಕೊಡಬೇಕು.

ಈ ಶಾಲಾ ಊಟದ ಮೂಲ 1889ರಲ್ಲಿ, ಯಾಮಾಗಾತಾ ಪ್ರಾಂತದ ತ್ಸುರುಓಕಾ ಎಂಬ ಊರಿನಲ್ಲಿದೆ. ಬುತ್ತಿ ತರಲಾಗದ ಬಡ ಮಕ್ಕಳಿಗೆ ಬೌದ್ಧ ದೇವಾಲಯವೊಂದರ ಶಾಲೆಯಲ್ಲಿ ಭಿಕ್ಷುಗಳು ಅನ್ನದ ಉಂಡೆ, ಉಪ್ಪಿನ ಮೀನು, ಉಪ್ಪಿನಕಾಯಿ ಕೊಡಲು ಶುರು ಮಾಡಿದರಂತೆ. ಧಾರವಾಡ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿತವರ ಮಕ್ಕಳು, ಮೊಮ್ಮಕ್ಕಳು ಈ ಭಾಷಣ ಕೇಳುತ್ತಿರಬಹುದು, ಅವರಿಗೆ ಇದು ಹೊಸ ಕಥೆ ಅನಿಸಲಿಕ್ಕಿಲ್ಲ. ಜಪಾನಿನಲ್ಲಿ ಅದಕ್ಕೆ 1954ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 2001ರ ಆದೇಶದ ಬೆನ್ನಿಗೆ, 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು, ಈಗ ಮೊಟ್ಟೆ, ಬಾಳೆಹಣ್ಣು. ಒಂದು ವಿಷಯ ಖಡಾಖಂಡಿತ ಹೇಳಬೇಕು: ಅಲ್ಲಿ ಬಹಳ ಕಡೆ ಊಟದ ಸಾಮಾನಿನ ಖರ್ಚನ್ನು ತಾಯ್ತಂದೆಯರು ತಿಂಗಳಾ ಕಟ್ಟಬೇಕಿತ್ತು, ಇಲ್ಲಿ ಒಂದು ಪೈಸೆ ಇಲ್ಲ. ಊಟ ಕೊಡುವುದರಲ್ಲಿ ಕರ್ನಾಟಕ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಬಡಿಸುವುದರಲ್ಲಿ, ಕೂತು ಉಣ್ಣುವುದರಲ್ಲಿ ಕಲಿಯುವುದಿದೆ.

ಊಟ ಮುಗಿದ ಮೇಲೆ ಕಸ. ಮೈಕಿನಲ್ಲಿ ಒಂದು ಹಾಡು ಬರುತ್ತದೆ, ಹದಿನೈದು-ಇಪ್ಪತ್ತು ನಿಮಿಷ ಇಡೀ ಶಾಲೆ ಸ್ವಚ್ಛತೆಗೆ ಇಳಿಯುತ್ತದೆ. ಮನೆಯ ಹಳೇ ಟವೆಲಿನಿಂದ ಹೊಲಿದ ಒರೆಸುವ ಬಟ್ಟೆಯನ್ನು ಎರಡೂ ಕೈಯಲ್ಲಿ ನೆಲಕ್ಕೆ ಒತ್ತಿ, ಸೊಂಟ ಮೇಲೆತ್ತಿ, ಪಡಸಾಲೆಯ ಈ ತುದಿಯಿಂದ ಆ ತುದಿಗೆ ಸಾಲಾಗಿ ಓಡುತ್ತಾರೆ. ಯಾವ ತಂಡ ಕಿಟಕಿ, ಯಾವುದು ಮೆಟ್ಟಿಲು, ಯಾವುದು ಪಾಯಖಾನೆ ಎಂಬ ಚಾರ್ಟು ಗೋಡೆಗೆ ಅಂಟಿಸಿರುತ್ತದೆ. ಗಂಡು-ಹೆಣ್ಣು ಭೇದ ಅದರಲ್ಲಿಲ್ಲ. ನಾನು ನೋಡಿದ ಶಾಲೆಯ ಮುಖ್ಯೋಪಾಧ್ಯಾಯರು ಕಸಬರಿಗೆ ಹಿಡಿದು ಹೊರಗಿನ ಎಲೆ ಗುಡಿಸುತ್ತಿದ್ದರು. ಅದನ್ನು ನಿಂತು ನೋಡುವವಳು ನಾನೊಬ್ಬಳೇ.

ಮೂರನೆಯದು ಶಿಕ್ಷಕರ ಪಾಳಿ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಪಾಳಿಯ ಪ್ರಕಾರ ಒಬ್ಬೊಬ್ಬ ಶಿಕ್ಷಕ ತನ್ನ ತರಗತಿಯನ್ನು ಉಳಿದ ಶಿಕ್ಷಕರಿಗೆ ತೆರೆದಿಡಬೇಕು. ಪಾಠದ ಯೋಜನೆಯನ್ನು ಮೊದಲೇ ಬರೆದು ಹಂಚಿರುತ್ತಾರೆ. ಬಂದವರು ಗೋಡೆಗುಂಟ ನಿಂತು, ಬಾಯಿ ಬಿಚ್ಚದೆ, ಒಂದೊಂದು ಮಗು ಏನು ಬರೆಯಿತು, ಎಲ್ಲಿ ತಡೆಯಿತು ಎಂದು ಗುರುತು ಹಾಕಿಕೊಳ್ಳುತ್ತಾರೆ. ಸಂಜೆ ಚರ್ಚೆ. ಚರ್ಚೆ ನಡೆಯುವುದು ಪಾಠದ ಬಗ್ಗೆ. ಪಾಠ ಮಾಡಿದವರ ಯೋಗ್ಯತೆಯ ಬಗ್ಗೆ ಯಾರೂ ತೀರ್ಪು ಕೊಡುವುದಿಲ್ಲ. ಮೂರನೆಯ ಸಾಲಿನ ಹುಡುಗ ನಕಾಶೆಯನ್ನು ತಲೆಕೆಳಗೆ ಹಿಡಿದಿದ್ದ, ಅದಕ್ಕೇ ಬಲ-ಎಡ ತಪ್ಪಾಯಿತು ಎಂದು ನನ್ನ ಪಾಠದ ಬಗ್ಗೆ ಒಬ್ಬರು ಹೇಳಿದರು. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಮ್ಮಲ್ಲಿಯೂ ಕ್ಲಸ್ಟರ್ ಸಮಾಲೋಚನಾ ಸಭೆ ಇದೆ. ಸುತ್ತೋಲೆ ಓದುವುದರಲ್ಲಿ, ಎಸ್‌ಎಟಿಎಸ್ ಎಂಬ ಜಾಲತಾಣಕ್ಕೆ ಮಕ್ಕಳ ಮಾಹಿತಿ ತುಂಬಿದಿರಾ ಎಂದು ಕೇಳುವುದರಲ್ಲಿ ಅದರ ಹೊತ್ತು ಸರಿದುಹೋಗುತ್ತದೆ. ಇನ್ನೊಬ್ಬರು ತರಗತಿಗೆ ಬಂದು ಹಿಂದೆ ಕೂತರೆಂದರೆ ಅದು ತಪಾಸಣೆ ಎಂದೇ ನಮ್ಮ ಎದೆ ಡವಗುಟ್ಟುತ್ತದೆ.

ಇಷ್ಟು ಹೇಳಿದೆನೆಂದು ಜಪಾನಿನ ಸಾಲಿ ಸ್ವರ್ಗ ಎಂದು ತಿಳಿಯಬೇಡಿ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಅಲ್ಲಿಯ ಮಾಧ್ಯಮಿಕ ಶಿಕ್ಷಕರು ವಾರಕ್ಕೆ 56 ತಾಸು ದುಡಿಯುತ್ತಾರೆಂದು ಕಂಡುಬಂತು. ಸಮೀಕ್ಷೆಯಾದ ದೇಶಗಳಲ್ಲೇ ಅದು ಅತಿ ಹೆಚ್ಚು, ಸರಾಸರಿ 38 ತಾಸು. ಸಂಜೆಯ ಕ್ರೀಡಾ ಕ್ಲಬ್ಬು, ರವಿವಾರದ ಪಂದ್ಯ ಎಲ್ಲವೂ ಶಿಕ್ಷಕರ ಹೆಗಲ ಮೇಲೆ. ಜನಗಣತಿ, ಚುನಾವಣೆ ಎಂದು ನಾವು ಗೊಣಗುತ್ತೇವಲ್ಲ, ಅವರು ಗೊಣಗುವುದಕ್ಕೂ ಬಿಡುವಿಲ್ಲದೆ ದುಡಿಯುತ್ತಾರೆ. ಎಲ್ಲರಂತೆ ಇರಬೇಕೆಂಬ ಒತ್ತಾಯ ಕೆಲವೊಮ್ಮೆ ಉಸಿರು ಕಟ್ಟಿಸುತ್ತದೆ. ತನ್ನದು ಹುಟ್ಟಾ ಕಂದುಗೂದಲು ಎಂದ ಹುಡುಗಿಗೆ ಕೂದಲು ಕಪ್ಪು ಮಾಡಿಕೊಂಡು ಬಾ ಎಂದ ಪ್ರಕರಣ 2017ರಲ್ಲಿ ಒಸಾಕಾದ ನ್ಯಾಯಾಲಯಕ್ಕೇ ಹೋಯಿತು. ಶಾಲೆಗೆ ಹೋಗಲಾರೆ ಎಂದು ಮನೆಯಲ್ಲೇ ಉಳಿದ ಪ್ರಾಥಮಿಕ, ಮಾಧ್ಯಮಿಕ ಮಕ್ಕಳ ಸಂಖ್ಯೆ 2023ರ ಸಾಲಿನಲ್ಲಿ 3 ಲಕ್ಷ 40 ಸಾವಿರ ದಾಟಿತು. ನಮ್ಮ ರೋಣ, ಗಜೇಂದ್ರಗಡ ಕಡೆಯೂ ಬೆಂಚು ಖಾಲಿ ಬೀಳುತ್ತವೆ, ಕಾರಣ ಬೇರೆ. ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದರೆ ಮಗುವೂ ಗಂಟಿನ ಜೊತೆ ಬಸ್ ಹತ್ತುತ್ತದೆ. ಜಪಾನಿನಲ್ಲಿ ಊಟ, ಮನೆ ಎಲ್ಲ ಇದ್ದೂ ಮಗು ಕೋಣೆಯ ಕದ ಹಾಕಿಕೊಳ್ಳುತ್ತದೆ. ಯಾವುದು ದೊಡ್ಡ ದುಃಖ ಎಂದು ತೂಗಲು ನಾನು ಹೋಗುವುದಿಲ್ಲ.

ಇಂಥ ಒತ್ತಾಯವಿಲ್ಲದ ಒಳ್ಳೆಯ ಶಾಲೆಯೂ ಇರಬಹುದು ಎಂದು ತೋರಿಸಿದವರೂ ಜಪಾನಿನವರೇ ಅನ್ನಿ. ರೈಲು ಡಬ್ಬಿಗಳಲ್ಲಿ ನಡೆದ ತೊಮೊಎ ಶಾಲೆಯ ಕಥೆಯನ್ನು, ಮಕ್ಕಳ ಮಾತನ್ನು ತಾಸುಗಟ್ಟಲೆ ಕೇಳುತ್ತಿದ್ದ ಕೊಬಾಯಾಶಿ ಎಂಬ ಮುಖ್ಯೋಪಾಧ್ಯಾಯರ ಕಥೆಯನ್ನು ‘ತೊತ್ತೋಚಾನ್’ ಪುಸ್ತಕದಲ್ಲಿ ನೀವು ಕನ್ನಡದಲ್ಲೇ ಓದಿರುತ್ತೀರಿ. ಆ ಶಾಲೆ 1945ರಲ್ಲಿ ಬಾಂಬಿಗೆ ಸುಟ್ಟುಹೋಯಿತು.

ಈಗ ಕಠಿಣವಾದ ಮಾತಿಗೆ ಬರುತ್ತೇನೆ. ಜಪಾನಿನ ಮಕ್ಕಳು ಶಾಲೆ ಗುಡಿಸುವ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತದೆ. ನಮ್ಮ ಮಕ್ಕಳಿಗೂ ಹೀಗೇ ಮಾಡಿಸಬೇಕು ಎಂದು ಅದರ ಕೆಳಗೆ ಬರೆಯುವವರು ಬಹಳ. ನಮ್ಮ ಮಕ್ಕಳು ಗುಡಿಸದೆ ಇದ್ದರೆ ತಾನೆ? “ಹುಡುಗ್ಯಾರು ಕಸಾ ಹೊಡೀರಿ, ಹುಡುಗ್ರು ನೀರು ತರ್ರಿ” ಎಂಬ ಮಾತು ಕೇಳದೆ ದೊಡ್ಡವರಾದವರು ನಮ್ಮ ಕಡೆ ಎಷ್ಟು ಜನ? ನಾನೇ ಗುಡಿಸಿದ್ದೇನೆ, ಪ್ರಾರ್ಥನೆಗೆ ಮುಂಚೆ, ಬರಿಗಾಲಲ್ಲಿ. ಗುಡಿಸಿದ್ದಕ್ಕೆ ನನಗೆ ಬೇಸರವಿಲ್ಲ. ಹುಡುಗರು ಯಾಕೆ ಗುಡಿಸಲಿಲ್ಲ, ಮಾಸ್ತರು ಯಾಕೆ ಕಸಬರಿಗೆ ಮುಟ್ಟಲಿಲ್ಲ ಎಂಬುದು ಪ್ರಶ್ನೆ. ಅದಕ್ಕಿಂತ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಪಾಯಖಾನೆ ಯಾರು ತೊಳೆಯಬೇಕು ಎಂಬ ಮಾತು ಬಂದಾಗ ಯಾವ ಓಣಿಯ ಮಕ್ಕಳ ಕಡೆ ಬೆರಳು ಹೋಗುತ್ತದೆ ಎಂದು ನಿಮಗೆ ಗೊತ್ತು, ನನಗೂ ಗೊತ್ತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಇಡೀ ರಾಜ್ಯ ಓದಿದೆ. ಹೀಗಿರುವಾಗ ತಂದೆಯೊಬ್ಬರು ಬಂದು “ನಮ್ಮ ಹುಡುಗೀನ ಕಸಾ ಹೊಡೀಲಿಕ್ಕ ಸಾಲಿಗೆ ಕಳಸೀವೇನ್ರಿ ಅಕ್ಕೋರ?” ಎಂದು ಜಗಳ ತೆಗೆದರೆ ನಾನು ಅವರಿಗೆ ಜಪಾನಿನ ವಿಡಿಯೋ ತೋರಿಸಲಾರೆ. ಅವರ ಸಿಟ್ಟಿನ ಹಿಂದೆ ನಾಲ್ಕಾರು ತಲೆಮಾರಿನ ಲೆಕ್ಕ ಇದೆ.

ಜಪಾನಿನಲ್ಲೂ ಕಸುಬಿನ ಕಾರಣಕ್ಕೆ ದೂರ ಇಟ್ಟ ಬುರಾಕುಮಿನ್ ಎಂಬ ಜನ ಇದ್ದಾರೆ. 1871ರಲ್ಲಿ ಆ ಭೇದವನ್ನು ಕಾನೂನಿನಿಂದ ತೆಗೆದರೂ ಮನಸ್ಸಿನಿಂದ ಪೂರ್ತಿ ಹೋಗಿಲ್ಲ. ಆದರೆ ಶಾಲೆಯ ಚಾರ್ಟಿನಲ್ಲಿ ಅದಕ್ಕೆ ಜಾಗ ಇಲ್ಲ. ಚಾರ್ಟು ಎಲ್ಲರಿಗೂ ಕಾಣುವಲ್ಲಿ ಇರುತ್ತದೆ, ತಂಡ ವಾರವಾರ ಸರಿಯುತ್ತದೆ, ದೊಡ್ಡವರೂ ಅದರೊಳಗೇ ಇರುತ್ತಾರೆ. ಕಸ ಗುಡಿಸುವುದು ಶಿಕ್ಷೆಯೂ ಅಲ್ಲ, ಸೇವೆಯೂ ಅಲ್ಲ, ಸರದಿ. ಮಲಪ್ರಭಾ ಕಾಲುವೆಯ ನೀರಿಗೆ ಪಾಳಿ ಹಚ್ಚಿದಾಗ ಗೌಡರ ಹೊಲಕ್ಕೆ ಮೊದಲು, ಉಳಿದವರಿಗೆ ಆಮೇಲೆ ಎಂದರೆ ನಮ್ಮ ರೈತರು ಸುಮ್ಮನಿರುತ್ತಾರೆಯೆ? ಪಾಳಿ ಎಂದರೆ ಏನೆಂದು ನಮಗೆ ಚೆನ್ನಾಗಿ ಗೊತ್ತು. ಸಾಲಿಯಲ್ಲಿ ಮಾತ್ರ ಅದನ್ನು ಹಚ್ಚಿಲ್ಲ.

ಈ ಭಾಷಣ ಕೇಳುತ್ತಿರುವ ಮುಖ್ಯೋಪಾಧ್ಯಾಯರಿಗೆ, ಶಿಕ್ಷಕ-ಶಿಕ್ಷಕಿಯರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ನನ್ನ ವಿನಂತಿ ಇಷ್ಟೇ. ಬರುವ ಜೂನಿನಲ್ಲಿ ಸಾಲಿ ಶುರುವಾದಾಗ ಒಂದು ಚಾರ್ಟು ಬರೆಯಿರಿ. ಮೊದಲ ವಾರದ ಕಸಬರಿಗೆ ಮುಖ್ಯೋಪಾಧ್ಯಾಯರ ಹೆಸರಿಗೆ ಇರಲಿ. ಪ್ರತಿ ತಂಡದಲ್ಲಿ ಹುಡುಗ, ಹುಡುಗಿ, ಎಲ್ಲ ಓಣಿಯ ಮಕ್ಕಳು ಇರಲಿ, ಜೊತೆಗೆ ಒಬ್ಬ ಶಿಕ್ಷಕರು ಇರಲಿ. ಬಿಸಿಯೂಟ ಬಡಿಸುವುದಕ್ಕೂ ಹಾಗೆಯೇ ಪಾಳಿ ಹಚ್ಚಿ, ನೀವೂ ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿರಿ. ಪಾಯಖಾನೆಯನ್ನು ಮಾತ್ರ ಮಕ್ಕಳ ಚಾರ್ಟಿಗೆ ಸೇರಿಸಬೇಡಿ, ಅದಕ್ಕೆ ಸಂಬಳದ ಆಳು ಬೇಕೆಂದು ಪಂಚಾಯಿತಿಯ ಬೆನ್ನು ಹತ್ತಿರಿ. ತಿಂಗಳಿಗೆ ಒಂದು ಸಲ ಪಕ್ಕದ ತರಗತಿಯ ಶಿಕ್ಷಕರನ್ನು ನಿಮ್ಮ ಪಾಠಕ್ಕೆ ಕರೆಯಿರಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ, ಇಲಾಖೆಯ ಸುತ್ತೋಲೆಗೆ ಕಾಯಬೇಕಾಗಿಯೂ ಇಲ್ಲ. ಈಗಾಗಲೇ ಹೀಗೆ ನಡೆಸುತ್ತಿರುವ ಸಾಲಿ ನಿಮ್ಮ ಕಡೆ ಇದ್ದರೆ ಆಕಾಶವಾಣಿಗೆ ಒಂದು ಪತ್ರ ಬರೆದು ತಿಳಿಸಿರಿ, ಬಂದು ನೋಡುವ ಆಸೆ ನನಗಿದೆ.